ನಾಲ್ಕನೇ ನಿಯಮ

ಸರಸ್ವತಿ ನಗರ, ದಾವಣಗೆರೆ
ಬುಧವಾರ, 5-2-2025

ಪ್ರೀತಿಯ ಅಣ್ಣಾ,

ಪ್ರೀತಿಯ ಅಂತ ಬರೆದಿದ್ದು ರೂಢಿಗೆ. ಇವತ್ತು ನಿನ್ನ ಮೇಲೆ ಪ್ರೀತಿ ಏನೂ ಉಳಿದಿಲ್ಲ. ಆದ್ರೂ ಕೇಳ್ತೀನಿ, ಶುಗರ್ ಎಷ್ಟೈತೆ? ಕಲಬುರಗಿ ಬಿಸಿಲಾಗೆ ಬ್ಯಾಂಕಿಗೆ ನಡ್ಕೊಂಡೇ ಹೋಗ್ತೀಯಾ? ರೂಪಶ್ರೀ ಅತ್ತಿಗೆ ಮೊಣಕಾಲು ಹೆಂಗೈತೆ? ಇಲ್ಲಿ ಅವ್ವ ಆರಾಮಿದಾಳೆ, ನಾನು ಆರಾಮಿಲ್ಲ. ಫೋನ್ ಮಾಡಿ ಬೈಯೋಕೆ ಶುರು ಮಾಡ್ತಿದ್ದಂಗೆ ‘ಸಿಗ್ನಲ್ ಇಲ್ಲ ವಾಣಿ’ ಅಂತ ಕಟ್ ಮಾಡ್ತೀಯ. ಕಾಗದ ಕಟ್ ಮಾಡೋಕಾಗಲ್ಲ, ಪೂರ್ತಿ ಓದು.

ನಿನ್ನೆ ಬೆಳಿಗ್ಗೆ ನಿನ್ನ ಗೆಳೆಯ ಚಾಂದ್ ಪಾಷಾ ಬಂದಿದ್ದ. ಕೆ.ಬಿ. ಬಡಾವಣೆಯ ತನ್ನ ಪ್ರೆಸ್ಸಿನಾಗೆ ಅಚ್ಚು ಹಾಕಿದ ಅರ್ಜಿ ಫಾರಂ ತಂದಿದ್ದ. ‘ಕೊಟ್ಟೂರೇಶ್ ಸ್ಮಾರಕ ಯುವ ಪತ್ರಕರ್ತರ ವಿದ್ಯಾರ್ಥಿವೇತನ’. ನನ್ನ ಗಂಡ ಹೋಗಿ ಎರಡು ವರ್ಷ ಆದ್ಮೇಲೂ ಅವರ ಕಾಲೇಜಿನ ಗೆಳೆಯರೆಲ್ಲ ಸೇರಿ ಹೆಸರು ಉಳಿಸ್ತಿದ್ದೀರಲ್ಲ ಅಂತ ಕಣ್ಣಾಗೆ ನೀರು ಬಂತು, ಸುಳ್ಳು ಹೇಳಲ್ಲ. ಪಾಷಾಗೆ ಚಹಾ ಕೊಟ್ಟು, ಕನ್ನಡಕ ಹಾಕ್ಕೊಂಡು ಹಿಂದ್ಲ ಪುಟ ಓದ್ದೆ. ನಾಲ್ಕನೇ ನಿಯಮ: ‘ಅರ್ಜಿದಾರರ ಮೇಲೆ ಯಾವುದೇ ಪೊಲೀಸ್ ಪ್ರಕರಣ ಇರಕೂಡದು.’ ಇದನ್ನ ಯಾರು ಬರೆದಿದ್ದು ಅಂದೆ. ಪಾಷಾ ಚಹಾದ ಕಪ್ ನೋಡ್ಕೊಂಡು, ‘ನಿಮ್ಮಣ್ಣ ಪ್ರಶಾಂತನೇ ಬರೆದಿದ್ದು ತಂಗಿ, ಮುಂದೆ ನಮಗ್ಯಾರಿಗೂ ತೊಂದ್ರೆ ಬ್ಯಾಡ ಅಂತ’ ಅಂದ. ಕೆಳಗೆ ನಿನ್ನದೇ ಸಹಿ.

ಅಣ್ಣಾ, ನಿನಗೆ ಬುದ್ಧಿ ಐತಾ? ಅವರ ಮೇಲೆ ಕೇಸಿರಲಿಲ್ವಾ? ಹರಿಹರದಾಗೆ ನೀರಿನ ಟ್ಯಾಂಕ್ ಕಟ್ಟದೇನೇ ಬಿಲ್ ಎತ್ತಿದಾರೆ ಅಂತ ಪೇಪರಿನಾಗೆ ಬರೆದಿದ್ದಕ್ಕೆ ‘ಕರ್ತವ್ಯಕ್ಕೆ ಅಡ್ಡಿ’ ಅಂತ ಜಡಿದ್ರಲ್ಲ! ಆರು ವರ್ಷ ಕೋರ್ಟಿನ ವಾಯಿದೆಗೆ ಓಡಾಡಿದ್ರು. ಪ್ರತಿ ವಾಯಿದೆಗೂ ನಾನು ರೊಟ್ಟಿ ಬಡಿದು ಕಟ್ಟಿ ಕಳಿಸ್ತಿದ್ದೆ. ಸಂಜೆ ಮಿರ್ಚಿ-ಮಂಡಕ್ಕಿ ಪೊಟ್ಟಣ ಹಿಡ್ಕೊಂಡು, ‘ಮತ್ತೆ ಮುಂದಕ್ಕೆ ಹಾಕಿದ್ರು ನೋಡೇ’ ಅಂತ ನಗ್ತಾ ಬರೋರು. ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಎದೆ ಹಿಡ್ಕೊಂಡು ಅವರು ಹೋದ್ಮೇಲೆ ‘ಆರೋಪಿ ಮೃತ’ ಅಂತ ಬರೆದು ಮುಚ್ಚಿದ್ರು. ಇವತ್ತು ಅವರೇ ಎದ್ದು ಬಂದು ಅರ್ಜಿ ಹಾಕಿದ್ರೂ ಅವರ ಹೆಸರಿನ ವಿದ್ಯಾರ್ಥಿವೇತನ ಅವರಿಗೇ ಸಿಗಲ್ಲ, ಅಂಥ ನಿಯಮ ಬರೆದಿದೀಯ. ಬೇರೆ ಯಾರಾದ್ರೂ ಬರೆದಿದ್ರೆ ತಿಳೀದೆ ಬರೆದ್ರು ಅಂದ್ಕೊಳ್ತಿದ್ದೆ. ಅವತ್ತು ಅವರಿಗೆ ಜಾಮೀನು ನಿಂತೋನು ನೀನು! ನೆಂಟರೆಲ್ಲ ಮುಖ ತಿರುಗಿಸ್ಕೊಂಡಾಗ ಹೊಲದ ಪಹಣಿ ಹಿಡ್ಕೊಂಡು ಬಂದು, ‘ನನ್ನ ಗೆಳೆಯ, ನನ್ನ ತಂಗಿ ಗಂಡ’ ಅಂತ ಜಡ್ಜ್ ಮುಂದೆ ಹೇಳಿ ಸಹಿ ಹಾಕಿದೋನು ನೀನು. ಆ ಅಣ್ಣ ಎಲ್ಲಿ ಹೋದ? ಮ್ಯಾನೇಜರ್ ಆದ್ಮೇಲೆ ಹೆದರಿಕೆನೂ ಪ್ರಮೋಷನ್ ಜೊತೆ ಬಂತಾ?

ಹರಿಹರದ ಲತಾ ನೆನಪೈತಾ? ಇಪ್ಪತ್ಮೂರು ವರ್ಷದ ಹುಡುಗಿ, ಸುದ್ದಿ ಬರೆಯೋದು ಅವರ ಹತ್ರಾನೇ ಕಲ್ತೋಳು. ಹಾಸ್ಟೆಲ್ ಅಕ್ಕಿಯಾಗಿನ ಹುಳದ ಫೋಟೋ ಹಾಕಿದ್ಲು ಅಂತ ಅಕ್ಕಿ ಗುತ್ತಿಗೆದಾರ ಅವಳ ಮೇಲೆ ಕೇಸು ಹಾಕಿಸಿದಾನೆ. ‘ಸರ್ ಹೆಸರಿಂದು ಸಿಕ್ರೆ ಪತ್ರಿಕೋದ್ಯಮ ಕೋರ್ಸ್ ಮುಗಿಸ್ತೀನಕ್ಕ’ ಅಂತ ತಿಂಗಳಿಂದ ಕಾಯ್ತಿದ್ಲು. ನಿನ್ನೆ ಸಂಜೆ ಬಂದೋಳಿಗೆ ಫಾರಂ ಕೊಟ್ಟೆ. ಓದಿದ್ಲು, ಮಡಚಿದ್ಲು, ‘ನಂಗೆ ಬ್ಯಾಡ ಬಿಡ್ರಿ ಅಕ್ಕ’ ಅಂತ ವಾಪಸ್ ಕೊಟ್ಲು. ನಾಚಿಕೆಯಿಂದ ಅವಳ ಮುಖ ನೋಡೋಕಾಗ್ಲಿಲ್ಲ ನನಗೆ.

ಹದಿನಾರಕ್ಕೆ ಸಮಾರಂಭ, ಫ್ಲೆಕ್ಸಿಗೆ ಅವರ ಫೋಟೋ ಕಳ್ಸು ಅಂತ ಮೂರು ಸಲ ಮೆಸೇಜ್ ಹಾಕಿದೀಯ. ಕಳ್ಸಲ್ಲ ಹೋಗು! ಮೊದ್ಲು ಆ ಸಾಲು ತೆಗಿ, ಆಮೇಲೆ ಫೋಟೋ ಕೇಳು. ಇಲ್ಲಾಂದ್ರೆ ದೀಪ ಹಚ್ಚೋಕೂ ಬೇರೆ ಯಾರನ್ನಾದ್ರೂ ಕರ್ಕೊಳ್ರಿ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಅವ್ವ ನಿನಗಂತ ಶೇಂಗಾ ಚಟ್ನಿಪುಡಿ ಕುಟ್ಟಿಟ್ಟಾಳೆ. ಅದನ್ನೂ ಕಳ್ಸಲ್ಲ.

ಸಿಟ್ಟಿನಾಗಿರೋ ನಿನ್ನ ತಂಗಿ,
ವಾಣಿ

ಇನ್ನೊಂದು ಮಾತು: ಮಂಗಳವಾರ, ಹನ್ನೊಂದನೇ ತಾರೀಖು, ಹರಿಹರ ಕೋರ್ಟಿನಾಗೆ ಲತಾಗೆ ಜಾಮೀನು ನಿಲ್ಲೋರು ಬೇಕು. ಅವಳಪ್ಪಂಗೆ ಗೇಣು ಹೊಲ ಇಲ್ಲ. ನಮ್ಮನೆಯಾಗೆ ಪಹಣಿ ಇರೋದು ನಿನ್ನ ಹೆಸರಿಗೆ. ಹತ್ತೂವರೆ ಒಳಗೆ ಬಾ. ನಾನು ಗೇಟಿನ ಹತ್ರ ರೊಟ್ಟಿ ಕಟ್ಕೊಂಡು ನಿಂತಿರ್ತೀನಿ. ಅವರ ಫೋಟೋ ನನ್ನ ಚೀಲದಾಗೇ ಇರ್ತೈತೆ.