ಮೆತ್ತನೆಯ ರಬ್ಬರು

ಬಿಬವೇವಾಡಿ, ಪುಣೆ
10 ಸೆಪ್ಟೆಂಬರ್ 2025

ಪ್ರೀತಿಯ ರೇಣು,

ಹೇಗಿದ್ದೀ? ಮಳೆಗಾಲದಲ್ಲಿ ನಿನಗೆ ಹಿಡಿಯುವ ಒಣಕೆಮ್ಮು ಈ ಸಲ ಬೇಗ ಬಿಟ್ಟಿತೋ ಇಲ್ಲವೋ? ಸಾಸವಡದ ಗಾಳಿ ನಮ್ಮದಕ್ಕಿಂತ ತಂಪು, ಬೆಳಗಿನ ಶಾಲೆಗೆ ಹೊರಡುವಾಗ ಕಿವಿಗೆ ಏನಾದರೂ ಕಟ್ಟಿಕೋ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜು ಓದಿ ಸುಮ್ಮನಿರುತ್ತೀ. ಅದಕ್ಕೇ ಈ ಕಾಗದ. ಒಡೆಯದೆ ಎಸೆಯುವವಳಲ್ಲ ನೀನು ಎಂದು ನಂಬಿ ಬರೆಯುತ್ತಿದ್ದೇನೆ. ನಮ್ಮಿಬ್ಬರ ನಡುವೆ ಇರುವುದು ದಿವೆ ಘಾಟ್ ಒಂದೇ. ಆಷಾಢದ ಯಾತ್ರೆಯಲ್ಲಿ ಪಾಲಖಿಯ ಜೊತೆ ಮುದುಕಿಯರು ತಲೆಯ ಮೇಲೆ ತುಳಸಿ ಹೊತ್ತು ಅದನ್ನು ನಡೆದೇ ಹತ್ತುತ್ತಾರೆ. ನಮಗೆ ಆರು ವರ್ಷವಾದರೂ ಹತ್ತಲು ಆಗಿಲ್ಲ.

ಅವ್ವನ ವಿಷಯ ಬರೆಯಬೇಕು. ಅವಳ ಬೆನ್ನೆಲುಬು ಸವೆದಿದೆ ಎಂದು ಬೇಸಿಗೆಯಲ್ಲಿ ನಿನಗೆ ತಿಳಿಸಿದ್ದೆ. ಅವಳಿಗೂ ಅದನ್ನೇ ಹೇಳಿದ್ದೇನೆ. ನಿಜ ಬೇರೆ ಇದೆ, ರೇಣು. ಎದೆಯಲ್ಲಿ ಹುಟ್ಟಿದ ಗಂಟು ಕ್ಯಾನ್ಸರು, ಅದು ಬೆನ್ನೆಲುಬಿಗೆ ಇಳಿದಿದೆ. ಶಿವಾಜಿನಗರದ ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ರೇಡಿಯೇಶನ್, ಕೊಡುತ್ತಿದ್ದಾರೆ, ಗುಣವಾಗಲೆಂದಲ್ಲ, ನೋವು ತಗ್ಗಲೆಂದು. ಮೊದಲ ಸುತ್ತು ಆಗಸ್ಟಿನಲ್ಲಿ ಮುಗಿಯಿತು, ಎರಡನೆಯದು ಈಗ ನಡೆದಿದೆ. ಅವ್ವನ ಪಾಲಿಗೆ ಅದು ಸವೆದ ಎಲುಬಿಗೆ ಕೊಡುವ ಶಾಖ. ಹೊರಗಿನ ಬೆಂಚಿನ ಮೇಲೆ ನಾನು ಕವಿತೆಯ ಪುಸ್ತಕ ಬಿಡಿಸಿಕೊಂಡು ಕೂರುತ್ತೇನೆ. ಒಂದೇ ಪುಟ, ದಿನಾ.

ಅಲ್ಲಿಗೆ ಹೋಗಿ ಬರುವುದೇ ದೊಡ್ಡ ಕಷ್ಟವಾಗಿತ್ತು. ಆಟೋದಲ್ಲಿ ಬಗ್ಗಿ ಕೂರಲು ಅವಳಿಗೆ ಆಗುವುದಿಲ್ಲ, ಈಗಿನ ಟ್ಯಾಕ್ಸಿಗಳ ಸೀಟು ತೀರ ತಗ್ಗು. ಅಂಬ್ಯುಲೆನ್ಸ್ ಎಂದರೆ, "ನಿಮ್ಮಪ್ಪ ಅದರಾಗ ಕಾಲ ಚಾಚಿ ಹೋದಾಂವ ಹೊಳ್ಳಿ ಬಂದನೇನು?" ಎಂದು ಬಾಯಿ ಮುಚ್ಚಿಸುತ್ತಾಳೆ. ಉಳಿದದ್ದು ಅಪ್ಪನ ಅಂಬಾಸಿಡರ್. ಬಾಗಿಲು ಅಗಲ, ಸೀಟು ಎತ್ತರ, ಹಿಂದೆ ಮಲಗಿಸಿಕೊಂಡು ಹೋಗಬಹುದು. ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯಿಂದ ಅಪ್ಪ ತರುತ್ತಿದ್ದ ಶೇಂಗಾ ಒಡೆದು ನಾವಿಬ್ಬರೂ ಸಿಪ್ಪೆ ತುಂಬುತ್ತಿದ್ದೆವಲ್ಲ, ಅದೇ ಸೀಟು. ಸಂದಿಯಲ್ಲಿ ಕೈಹಾಕಿದರೆ ಇಂದಿಗೂ ಒಂದೆರಡು ಸಿಗುತ್ತವೆ.

ಆದರೆ ಗಾಡಿ ಕೆಳಗಿನಿಂದ ಸತ್ತಿತ್ತು. ಸಣ್ಣ ತಗ್ಗು ಬಂದರೂ ದಡ್ ಎನ್ನುತ್ತಿತ್ತು. ಗಾಲಿಗಳನ್ನು ಗಾಡಿಯ ಮೈಗೆ ಹಿಡಿದಿಡುವ ಕೀಲುಗಳಲ್ಲಿ, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ, ನಡುವೆ ತೂತಿರುವ ಗಿಡ್ಡ ರಬ್ಬರಿನ ತುಂಡುಗಳಿರುತ್ತವೆ. ಬುಷ್ ಅನ್ನುತ್ತಾರೆ. ಗ್ಯಾರೇಜಿನ ಅಂಬಾರಾಯ ಅವನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟ. ಒಣಗಿದ ರೊಟ್ಟಿಯ ಹಾಗೆ ಪುಡಿಯಾದವು. ಅವ್ವನ ಎಕ್ಸ್‌ರೇ ನೋಡಿದ ಮೇಲೆ ಯಾರಿಗಾದರೂ ಒಂದು ಹೋಲಿಕೆ ಹೊಳೆಯುತ್ತದೆ. ನಾನು ಅದನ್ನು ಮುಂದುವರಿಸಲಿಲ್ಲ, ನೀನೂ ಮುಂದುವರಿಸಬೇಡ. ಸಾಮಾನಿನ ಅಂಗಡಿಗಳಿಗೆ ಅಲೆದೆ. ಒಬ್ಬ ನಕ್ಕು, "ಗಾಡೀಚ್ ಬಂದ್ ಝಾಲೀ ಮ್ಯಾಡಮ್" ಎಂದ. ಗಾಡಿಯೇ ನಿಂತುಹೋಗಿದೆ, ಬುಷ್ ಎಲ್ಲಿಂದ ಬರಬೇಕು? ಇನ್ನೊಬ್ಬ ಕೊಟ್ಟದ್ದು ಅಳತೆಗೇ ಕೂರಲಿಲ್ಲ. ಕೊನೆಗೆ ಅಂಬಾರಾಯ, "ಫಕೀರಪ್ಪನ ಕಡೆ ಹೋಗ್ರಿ, ಹೊಸಾದ ಮಾಡಿ ಕೊಡ್ತಾನ" ಎಂದು ದಾರಿ ತೋರಿಸಿದ.

ಈ ಫಕೀರಪ್ಪ ಗದಗದ ಕಡೆಯವನು. ಇಲ್ಲೇ ಹಿಂದಿನ ಗಲ್ಲಿಯ ತಗಡಿನ ಶೆಡ್ಡಿನಲ್ಲಿ ರಬ್ಬರಿನ ಸಾಮಾನು ಮಾಡುತ್ತಾನೆ. ಬಾಯಿಬಡಕ, ಜಂಬದವನು, ಕನ್ನಡ ಕೇಳಿದ ಕೂಡಲೇ ಚಹಾ ತರಿಸಿದ. ಮುರಿದ ಬುಷ್‌ನ ಅಳತೆ ಹಿಡಿದು, ಅಚ್ಚು ಕೊರೆಸಿ, ಅದರಲ್ಲಿ ಹಸಿ ರಬ್ಬರು ತುಂಬಿ, ಬಿಸಿ ಪ್ರೆಸ್ಸಿನಲ್ಲಿಟ್ಟು ಬೇಯಿಸುತ್ತಾನೆ. ಶೆಡ್ಡಿನ ತುಂಬ ಗಂಧಕದ ವಾಸನೆ. ಅವನಿಗೆ ಒಂದೇ ಹೆಮ್ಮೆ: "ನಾ ಮಾಡಿದ ಬುಷ್ ಗಾಡೀಕಿಂತ ಹೆಚ್ಚ ಬಾಳತದ್ರಿ, ಅಕ್ಕಾರ. ನಿಮ್ಮ ಮೊಮ್ಮಕ್ಕಳೂ ನನ್ನ ಹೆಸರ ತಗೋಬೇಕು." ನನಗೆ ಮದುವೆಯೇ ಆಗಿಲ್ಲ ಎಂದು ಹೇಳಲು ಹೋಗಲಿಲ್ಲ.

ಯಾರನ್ನೂ ಕೇಳದೆ, ಲಾರಿಗೆ ಹಾಕುವಂಥ ಗಟ್ಟಿ ರಬ್ಬರಿನಲ್ಲಿ ಮಾಡಿಕೊಟ್ಟಿದ್ದ. ಗಾಡಿಯ ಸದ್ದು ನಿಂತಿತು, ಆದರೆ ರಸ್ತೆಯ ಪ್ರತಿ ಕಲ್ಲೂ ನೇರ ಅವ್ವನ ಬೆನ್ನಿಗೆ ಬರತೊಡಗಿತು. ಹಳೆಯ ಮುರುಕು ಬುಷ್‌ಗಳೇ ವಾಸಿ ಇದ್ದವು. ಆಗಸ್ಟಿನ ಆ ಸುತ್ತೆಲ್ಲ ಹಾಗೇ ಹೋದೆವು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ: ರಸ್ತೆಯ ಉಬ್ಬು ಹತ್ತಿರವಾದ ಕೂಡಲೇ ಅವಳು ಸೆರಗಿನ ತುದಿಯನ್ನು ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ಕೂಗುತ್ತಿರಲಿಲ್ಲ. ಇಳಿಸುವಾಗ ಒಂದು ಸಲ ಮಾತ್ರ, "ಗೋದಾ, ನಿಮ್ಮಪ್ಪನ ಗಾಡೀನ ಕಲ್ಲಬಂಡಿ ಮಾಡಿಸಿದೇನ?" ಎಂದಳು. ಮನೆಗೆ ಬಂದು ನೋಡಿದರೆ ಸೆರಗಿನಲ್ಲಿ ಹಲ್ಲಿನ ತೂತುಗಳು.

ಎರಡನೆಯ ಸುತ್ತು ಶುರುವಾದ ದಿನ ಆಸ್ಪತ್ರೆಯಿಂದ ಬರುತ್ತ ಗಾಡಿಯನ್ನು ಸೀದಾ ಫಕೀರಪ್ಪನ ಶೆಡ್ಡಿನ ಮುಂದೆ ನಿಲ್ಲಿಸಿದೆ. ಅವ್ವ ಹಿಂದೆ ಕಣ್ಣು ಮುಚ್ಚಿ ಮಲಗಿದ್ದಳು, ಸೆಕೆಯೆಂದು ಗಾಜು ಇಳಿಸಿದ್ದೆ. ಮೆತ್ತಗಿನ ಬುಷ್ ಬೇಕು ಎಂದಾಗ ಫಕೀರಪ್ಪನ ಮುಖ ಸಣ್ಣದಾಯಿತು. "ಮೆತ್ತಗ ಮಾಡಬಹುದ್ರಿ. ಆದ್ರ ಮೆತ್ತಗಿದ್ದದ್ದು ಲಗೂನ ಹರೀತದ. ಜನ ಫಕೀರಪ್ಪನ ಮಾಲು ಸುಳ್ಳು ಅಂತಾರ." ಆಮೇಲೆ ಅವನೇ, ಏನೂ ಗೊತ್ತಿಲ್ಲದೆ, ಕೇಳಿದ: "ಎಷ್ಟ ದಿನ ಬಾಳಬೇಕ್ರಿ? ಅದರ ಮ್ಯಾಲ ರಬ್ಬರ ಕಲಸ್ತೀನಿ."

ಆ ಪ್ರಶ್ನೆಯನ್ನು ಇಷ್ಟು ನೇರವಾಗಿ ಯಾರೂ ನನ್ನನ್ನು ಕೇಳಿರಲಿಲ್ಲ. ಡಾಕ್ಟರು ಹೇಳಿದ್ದನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಬಂದವರೆಲ್ಲ "ಆರಾಮ ಆಗ್ತಾರಲ್ಲ?" ಎಂದೇ ಕೇಳುತ್ತಾರೆ, ನಾನು ಹೂಂ ಅನ್ನುತ್ತೇನೆ. "ದೀಪಾವಳಿ ತನಕಾ ಬಾಳಿದ್ರ ಸಾಕು" ಎಂದೆ. ಪ್ರೆಸ್ಸಿನ ಗದ್ದಲ. "ಆಂ? ಎಲ್ಲೀತನಕಾ ಅಂದ್ರಿ?" ಕೂಗಿ ಹೇಳಬೇಕಾಯಿತು: "ದೀಪಾವಳಿ ತನಕಾ! ಆಮ್ಯಾಲ ಬ್ಯಾಡ!" ಅವನು ಗಳಗಳ ನಕ್ಕ. "ಗಾಡಿ ಮಾರಾವ್ರು ಅನ್ನರಲ್ಲ, ಅಕ್ಕಾರ! ಮೊದಲ ಹೇಳಬಾರದ?" ನಾನು ಹೌದೆಂದು ತಲೆಯಾಡಿಸಿದೆ.

ಹೊಸ ಬುಷ್‌ಗಳನ್ನು ನಿನ್ನೆ ಅಂಬಾರಾಯ ಮನೆಯ ಮುಂದೆಯೇ ಕೂರಿಸಿದ. ಕೊನೆಯ ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಬಿಗಿಯಬೇಕಂತೆ, ಇಲ್ಲದಿದ್ದರೆ ರಬ್ಬರು ತಿರುಚಿಕೊಳ್ಳುತ್ತದೆ. ಯಾರಾದರೂ ಹಿಂದೆ ಕೂಡ್ರಿ ಎಂದ. ಕಟ್ಟೆಯ ಮೇಲೆ ದಿಂಬಿಗೆ ಒರಗಿದ್ದ ಅವ್ವ, "ಭಾರ ಬೇಕಂದ್ರ ಗೋದಾನ್ನ ಕುಂಡ್ರಸಪಾ, ನನ್ನ ಹಂತ್ಯಾಕ ಏನ್ ಉಳದದ?" ಎಂದಳು. ಅಂಬಾರಾಯ ನಕ್ಕ. ನಾನು ಹೋಗಿ ಕೂತೆ.

ಇವತ್ತು ಆಸ್ಪತ್ರೆಗೆ ಹೋಗುವಾಗ ಗಾಡಿ ಹಾಸಿಗೆಯ ಮೇಲೆ ಹೊರಳಿದ ಹಾಗೆ ಹೋಯಿತು. ತಿರುವಿನಲ್ಲಿ ಸ್ವಲ್ಪ ತೂಗಾಡುತ್ತದೆ, ಇರಲಿ. ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ಕನ್ನಡಿ ನೋಡಿದರೆ ಅವ್ವ ಬಾಯಿ ತೆರೆದು ನಿದ್ದೆ ಹೋಗಿದ್ದಳು, ಸೆರಗು ಮಡಿಲಲ್ಲೇ ಇತ್ತು. ಹಸಿರು ದೀಪ ಬಂದರೂ ನಾನು ಗಾಡಿ ಎತ್ತಲಿಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದು ಮುಂದೆ ಹೋದರು.

ಅಪ್ಪನ ಕಾರ್ಯದ ದಿನ ಎಲ್ಲರ ಮುಂದೆ ಅವ್ವ ನಿನಗೆ ಅಂದದ್ದನ್ನು ನಾನು ಮರೆತಿಲ್ಲ. ಗಂಡನನ್ನು ಬಿಟ್ಟು ಬಂದು ಅಪ್ಪನನ್ನು ನುಂಗಿದಾಕಿ ಎಂದಳು. ನೀನು ಬರಿಗಾಲಲ್ಲೇ ಹೊರಟುಹೋದೆ. "ನಿನ್ನ ಹೊಸ್ತಿಲಾ ತುಳದ್ರ ನಾ ಗೌರಾಬಾಯಿನ ಅಲ್ಲ" ಎಂದು ಅವಳು ಹಿಂದಿನಿಂದ ಕೂಗಿದಳು. ಆ ಮಾತಿಗೆ ನಾನು ಸಮಜಾಯಿಷಿ ಕೊಡುವುದಿಲ್ಲ, ಕ್ಷಮಿಸು ಎಂದೂ ಕೇಳುವುದಿಲ್ಲ. ನಿನ್ನ ಚಪ್ಪಲಿ ಮಾತ್ರ ಬಾಗಿಲ ಹಿಂದೆಯೇ ಇವೆ. ಒಮ್ಮೆ ಎಸೆಯಲು ಹೋದಾಗ ಅವ್ವ, "ಇರಲಿ ಬಿಡು, ಜಾಗಾ ಏನ್ ತಿಂತಾವು" ಎಂದಿದ್ದಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಶಾಲೆಯ ಮಕ್ಕಳ ಮೇಲೆ ಸಿಟ್ಟು ಮಾಡಬೇಡ. ನಿನಗೆ ದಿನಾ ರಾತ್ರಿ ಕಣ್ತುಂಬ ನಿದ್ದೆ ಬರಲಿ. ಈಗೀಗ ಯಾರನ್ನು ಹರಸಬೇಕೆಂದರೂ ನನಗೆ ತೋಚುವುದು ಇದೊಂದೇ.

ನಿನ್ನ
ಗೋದಕ್ಕ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಅವ್ವ ಕರೆದಳು. "ಬುಷ್ ಹರಿಯೂದರಾಗ ರೇಣುನ ಕಡೆ ಹೋಗಿ ಬರೂಣು. ದೀಪಾವಳಿ ತನಕಾ ಅಂತ ಹೇಳೀಯಲ್ಲ." ಆವತ್ತು ಶೆಡ್ಡಿನ ಮುಂದೆ ಅವಳಿಗೆ ನಿದ್ದೆ ಬಂದಿರಲಿಲ್ಲ, ನಾನು ಕೂಗಿದ್ದೆಲ್ಲ ಕೇಳಿಸಿಕೊಂಡಿದ್ದಳು. ರವಿವಾರ ಮಧ್ಯಾಹ್ನದ ಒಳಗೆ ಬರುತ್ತೇವೆ. ಹೊಸ್ತಿಲು ತುಳಿಯುವುದಿಲ್ಲವಂತೆ, ಗಾಡಿಯಲ್ಲೇ ಇರುತ್ತಾಳಂತೆ, "ಆಕೀಗೆ ಕೆಳಗ ಬಾ ಅಂತ ಬರಿ" ಎಂದಳು. ನೀನೇ ಇಳಿದು ಬಾ. ಹಿಂದಿನ ಎಡಗಡೆಯ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಎಳೆಯಬೇಕು, ನಿನಗೆ ಗೊತ್ತಲ್ಲ. ಒಳಗೆ ಕೂತ ಮೇಲೆ ಜೋರಾಗಿ ಹಾಕಬೇಡ, ಅಷ್ಟು ಅದುರಿದರೂ ಅವಳಿಗೆ ನೋವಾಗುತ್ತದೆ.