ಮಖ್ಟೆಲ್ಡ್ ಆರಲು ಬಿಡದ ಬತ್ತಿ

ಅಪ್ಪಾ,

ಇದು ನಿಮಗೆ ತಲುಪುವುದಿಲ್ಲವೆಂದು ಗೊತ್ತು, ಆದರೂ ಹೇಳಲೇಬೇಕು. ನೀವು ತೀರಿಹೋದ ಮೇಲೆ ಹೋರ್ನ್ ಬಂದರಿನ ನಮ್ಮ ಚಿತ್ರಶಾಲೆಯನ್ನು ನಾನೇ ನಡೆಸುತ್ತಿದ್ದೇನೆ. ಇವತ್ತು ಹಡಗಿನ ಕಪ್ತಾನನೊಬ್ಬನ ಹೆಂಡತಿ ಮಖ್ಟೆಲ್ಡ್ ತನ್ನ ಕುಟುಂಬದ ಚಿತ್ರ ನೋಡಲು ಮೈದುನ ಯೋರಿಸ್ ಜೊತೆ ಬಂದಿದ್ದಳು. ಕಪ್ತಾನನ ಹಡಗು ಎರಡು ವರ್ಷದಿಂದ ಮರಳಿಲ್ಲ. ಚಿತ್ರದಲ್ಲಿ ಅವನ ಖಾಲಿ ಕುರ್ಚಿಯ ಮುಂದೆ ಉರಿಯುವ ಮೇಣದಬತ್ತಿ ಬರೆದಿದ್ದೆ.

"ಇದನ್ನ ಆರಿಸಿಬಿಡಮ್ಮ," ಎಂದ ಯೋರಿಸ್. "ಹೊಗೆ ಮಾತ್ರ ಇರಲಿ. ಅಣ್ಣ ತೀರಿಕೊಂಡ ಅಂತ ನೋಡಿದವರಿಗೆ ತಿಳೀಲಿ."

"ಅವರ ಹೆಣ ನೋಡಿದ್ಯಾ ನೀನು?" ಎಂದಳು ಮಖ್ಟೆಲ್ಡ್.

"ಊರೆಲ್ಲ ಹೇಳ್ತಿದೆ, ಅತ್ತಿಗೆ."

"ಊರಿಗೇನು! ಒಂದು ಲೋಟ ಬಿಯರ್ ಕೊಟ್ರೆ ಯಾರನ್ನ ಬೇಕಾದ್ರೂ ಮುಳುಗಿಸುತ್ತೆ."

ಯೋರಿಸ್ ನನ್ನತ್ತ ತಿರುಗಿ, "ನಿಮ್ಮಪ್ಪ ಆಗಿದ್ರೆ ಹೇಳಿದ ಹಾಗೆ ಬರೀತಿದ್ರು," ಎಂದ.

"ಬರೀತಿದ್ರು. ನಾನು ಬರೆಯೋಲ್ಲ."

ಅವನೆದುರೇ ಕುಂಚ ಹಿಡಿದು ಉರಿಗೆ ಇನ್ನಷ್ಟು ಹಳದಿ ಕೊಟ್ಟೆ. ಅವನು ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದ. ಮಖ್ಟೆಲ್ಡ್ ಬಹಳ ಹೊತ್ತು ಚಿತ್ರದ ಮುಂದೆಯೇ ನಿಂತಿದ್ದಳು.

ನಮ್ಮ ವೌಟರ್ ಅಣ್ಣ ಸಮುದ್ರದಿಂದ ಬಾರದಿದ್ದಾಗ ನೀವು ಅವನ ಚಿತ್ರದಲ್ಲಿ ಆರಿದ ಬತ್ತಿ ಬರೆದಿರಿ. ಅಂದಿನಿಂದ ಅಮ್ಮ ಆ ಚಿತ್ರ ತೂಗುಹಾಕಿದ ಗೋಡೆಗೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಾಳೆ.

ಮಖ್ಟೆಲ್ಡ್ ಹೋದ ಮೇಲೆ ಅಡುಗೆಮನೆಗೆ ಹೋಗಿ, "ಅಮ್ಮ, ಅಣ್ಣನ ಚಿತ್ರದಲ್ಲಿ ಬತ್ತಿ ಹಚ್ಚಲಾ?" ಎಂದು ಕೇಳಿದೆ. ಅಮ್ಮ ಒದ್ದೆ ಕೈ ಒರೆಸಿಕೊಂಡು, ತಾನೇ ಚಿತ್ರವನ್ನು ಗೋಡೆಯಿಂದ ಇಳಿಸಿ ನನ್ನ ಕೈಗಿಟ್ಟಳು.

"ಮುಖ ಮಾತ್ರ ಮುಟ್ಬೇಡ," ಎಂದಳು. "ಅದನ್ನ ನಿಮ್ಮಪ್ಪ ಅವನ ಹಾಗೇ ಬರೆದಿದ್ದಾರೆ."