ಒಣಮರದ ಮೇಲಿನ ಬೆಳ್ಳಕ್ಕಿ

ಮನೆ, ಹೊಲಿಗೆ ಯಂತ್ರದ ಮುಂದೆ
ಮಂಗಳವಾರ ಸಂಜೆ

ನನ್ನ ಮುದ್ದಿನ ಮಗಳೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಸೇತುವೆ ಕೆಲಸದ ಸಿಮೆಂಟು ಧೂಳಿನಲ್ಲಿ ದಿನವಿಡೀ ನಿಲ್ಲುವವಳು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು ಎಂದು ಇಂಜಿನಿಯರಿಗೆ ಈ ದರ್ಜಿ ಹೇಳಿಕೊಡಬೇಕೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಳಿಯಂದಿರಿಗೆ ಈ ತಿಂಗಳೂ ರಾತ್ರಿ ಪಾಳಿ, ಒಳಗೆ ಗೊರಕೆ ಹೊಡೆಯುತ್ತಿದ್ದಾರೆ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಮಗಳು ಚೂಟಿ ಅದನ್ನು ಕಿತ್ತುಕೊಂಡು ಓಡುತ್ತಾಳೆ, ನನ್ನ ಪಾಲಿಗೆ ಉಳಿಯುವುದು ಒಂದು "ಹಲೋ" ಅಷ್ಟೇ. ಅದಕ್ಕೇ ಈ ಕಾಗದ. ಅಕ್ಷರಗಳು ಕುಂಬಳಕಾಯಿಯಷ್ಟು ದಪ್ಪ, ಸಾಲುಗಳು ಏರಿ ಇಳಿದಿವೆ, ನಗಬೇಡ. ನನ್ನ ಕಣ್ಣು ಮೊದಲಿನಂತಿಲ್ಲ ಎಂಬುದು ಇಷ್ಟರಲ್ಲೇ ನಿನಗೆ ಗೊತ್ತಾಗಿರಬೇಕು. ಸೂಜಿಗೆ ದಾರ ಪೋಣಿಸಿಕೊಡುವವಳು ಈಗ ಚೂಟಿಯೇ. ನಿನಗೆ ಹೇಳಕೂಡದು ಎಂದು ಅವಳ ಬಾಯಿಗೆ ಬೀಗ ಹಾಕಿದ್ದೆ.

ಅವಳ ಟೀಚರ್ ಭಾನುವಾರ ಬೆಳಿಗ್ಗೆ ಮಕ್ಕಳನ್ನು ನೀರಿನ ಟ್ಯಾಂಕಿನ ಹಿಂದಿರುವ ಕೊಳದ ಕಡೆ ನಡೆಸಿಕೊಂಡು ಹೋಗುತ್ತಾರಲ್ಲ, ಪ್ರತಿ ಮಗುವಿನ ಜೊತೆ ಮನೆಯ ದೊಡ್ಡವರೊಬ್ಬರು ಇರಬೇಕು. ನಿನ್ನ ಬದಲಿಗೆ ಈಗ ನಾನು. ಮಕ್ಕಳಿಗೆ ಪುಸ್ತಕದ ಪೆಂಗ್ವಿನ್ ಗೊತ್ತು, ಜಿರಾಫೆ ಗೊತ್ತು, ಗೋಡೆಯಾಚೆ ಯಾರು ವಾಸವಿದ್ದಾರೆ ಎಂದು ಮಾತ್ರ ಗೊತ್ತಿಲ್ಲ. "ಮೊದ್ಲು ಅಕ್ಕಪಕ್ಕದೋರ ಪರಿಚಯ ಆಗ್ಲಿ" ಎನ್ನುತ್ತಾರೆ ಟೀಚರ್. ಹಾಗಾಗಿ ನಾವೆಲ್ಲ ಕುಕ್ಕರಗಾಲಿನಲ್ಲಿ ಕೂತು ಬಸವನಹುಳು ದಾರಿ ದಾಟುವುದನ್ನು ಕಾಯುತ್ತೇವೆ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೇ ಮತ್ತೆ ಇಡಬೇಕು, ಅದು ಇನ್ನೊಬ್ಬರ ಮನೆಯ ಚಾವಣಿಯಂತೆ. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಮೊದಲು ಕಂಡವರು ಕೂಗಬಾರದು, ಬೆರಳು ತೋರಿಸಬಾರದು; ಮಿಕ್ಕವರು ತಾವಾಗಿಯೇ ಕಾಣುವವರೆಗೂ ಸುಮ್ಮನಿರಬೇಕು. ಗೊದಮೊಟ್ಟೆಗಳಿಗೆ ಕಾಲು ಮೂಡಿರುವುದನ್ನು ಒಂದೊಂದೇ ಮಗು ಕಂಡುಕೊಂಡು ಕುಣಿದಾಡಿತು. ನಾನೂ ಬಗ್ಗಿ "ಆಹಾ, ಎಂಥಾ ಕಾಲು!" ಎಂದೆ. ನನಗೆ ಕಂಡದ್ದು ಬರೀ ಕದಡಿದ ನೀರು.

ಮೊನ್ನೆ ಆದದ್ದು ಕೇಳು. ಎಲ್ಲರೂ ಏನಾದರೊಂದನ್ನು ಕಂಡುಹಿಡಿದಿದ್ದರು, ನಾನೊಬ್ಬನೇ ಬರಿಗೈ. ಈ ವಯಸ್ಸಿನಲ್ಲೂ ಮಾನದ ಪ್ರಶ್ನೆ ನೋಡು! ಆಚೆ ದಡದ ಒಣಮರದ ಮೇಲೆ ಬೆಳ್ಳಗೆ ಏನೋ ಇತ್ತು. ಕಂಡದ್ದೇ ತಡ, ನಿಯಮ ಗಿಯಮ ಎಲ್ಲ ಮರೆತು, "ಬೆಳ್ಳಕ್ಕಿ! ಕತ್ತು ಮಡಚ್ಕೊಂಡು ನಿದ್ದೆ ಮಾಡ್ತಿದೆ!" ಎಂದುಬಿಟ್ಟೆ. ಟೀಚರ್ ಆ ಮರದ ಕಡೆ ನೋಡಿ, "ಹಾಗಾದ್ರೆ ಅದು ಏಳೋವರ್ಗೂ ಕೂತಿರೋಣ, ಸದ್ದು ಮಾಡ್ಬೇಡಿ" ಎಂದರು. ಮಕ್ಕಳೆಲ್ಲ ಬಾಯಿಯ ಮೇಲೆ ಬೆರಳಿಟ್ಟು ಕೂತವು. ಗಾಳಿ ಬೀಸಿತು. ನನ್ನ ಬೆಳ್ಳಕ್ಕಿ ಉಬ್ಬಿತು, ಪಟಪಟ ಎಂದಿತು, ಹಾರಲೊಲ್ಲದು. ಜೀವಮಾನವಿಡೀ ಬಟ್ಟೆಯ ಸರಬರ ಕೇಳಿದ ಕಿವಿ ಇದು, ಸದ್ದಿನಿಂದಲೇ ತಿಳಿಯಿತು: ಪ್ಲಾಸ್ಟಿಕ್ ಕವರು! ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಆ ಹೊತ್ತಿಗೆ, ಅಷ್ಟು ಹೊತ್ತಿನ ನಿಶ್ಶಬ್ದವನ್ನು ನಂಬಿಕೊಂಡು, ಜೊಂಡಿನೊಳಗಿಂದ ಒಂದು ನೀರುಕೋಳಿ ಮರಿಗಳ ಸಮೇತ ಹೊರಗೆ ಬಂದು ನಮ್ಮ ಕಾಲ ಬುಡದಲ್ಲೇ ಈಜಿಕೊಂಡು ಹೋಯಿತಂತೆ. ಹೋಯಿತಂತೆ ಎನ್ನುತ್ತೇನೆ, ಏಕೆಂದರೆ ನಾನು ಕಂಡದ್ದು ನೀರಿನ ಮೇಲೆ ಒಂದು ಕಪ್ಪು ಕಲೆ ಸರಿದದ್ದು ಮಾತ್ರ. ಚೂಟಿ ಖುಷಿ ತಾಳಲಾರದೆ ನನ್ನ ಹೆಬ್ಬೆರಳನ್ನು ಹಿಂಡುತ್ತಿದ್ದಳು.

ಮನೆಗೆ ಬರುವಾಗ ಮೆಲ್ಲಗೆ, "ತಾತಾ, ಅದು ಕವರ್ ಅಂತ ನಂಗೆ ಮೊದ್ಲೇ ಗೊತ್ತಿತ್ತು" ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಹೇಳ್ಬಾರ್ದಲ್ವಾ? ನೀನೇ ನೋಡ್ಬೇಕು. ನಾನು ಕಾಯ್ತಾ ಇದ್ದೆ" ಎಂದಳು. ನೋಡು ಮಗಳೇ, ಇಷ್ಟು ದಿನ ನಾನು ಅವಳನ್ನು ಯಾಮಾರಿಸುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಸುಳ್ಳು ಆಹಾಗಳನ್ನೆಲ್ಲ ಕೇಳಿಸಿಕೊಂಡು ಆ ಪುಟ್ಟ ಜೀವ ಸುಮ್ಮನೆ ಕಾಯುತ್ತಿತ್ತು. ಆಮೇಲೆ ದಾರಿಯುದ್ದಕ್ಕೂ ಮರಿಗಳ ವರ್ಣನೆ: ತಲೆ ಬೋಳು, ಮೂಗು ಕೆಂಪು, ಕೊನೆಯದು ಮಹಾ ಸೋಮಾರಿ, ಥೇಟ್ ಅಪ್ಪನ ಹಾಗೆ. ಅಳಿಯಂದಿರಿಗೆ ಇದನ್ನು ಹೇಳಿಲ್ಲ, ನೀನೂ ಹೇಳಬೇಡ.

ಎತ್ತರದ ಮೇಲೆ ಓಡಾಡುವಾಗ ಹುಷಾರು. ನೀನು ನಿಲ್ಲಿಸುವ ಕಂಬಗಳ ಹಾಗೆ ನೀನೂ ಗಟ್ಟಿಯಾಗಿರು ಎಂದು ಹರಸುವ,

ನಿನ್ನ ಅಪ್ಪ

ಮರೆತ ಮಾತು. ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಿನ್ನೆ ಅಳಿಯಂದಿರ ಜೊತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಎರಡು ಕಣ್ಣಿನಲ್ಲೂ ಪೊರೆ ಬಲಿತಿದೆ. ಹೆದರಿಕೊಂಡು ಮುಂದಕ್ಕೆ ಹಾಕುತ್ತ ಬಂದಿದ್ದೆ, ಇನ್ನು ಹಾಕುವುದಿಲ್ಲ. ಮುಂದಿನ ಶುಕ್ರವಾರ ಬಲಗಣ್ಣಿನ ಆಪರೇಷನ್, ಮರುದಿನ ಪಟ್ಟಿ ಬಿಚ್ಚುತ್ತಾರೆ. ಆ ಹೊತ್ತಿಗೆ ಹೇಗಾದರೂ ರಜೆ ಹಾಕಿ ಬಾ. ಹೋದ ಸಲ ನೀನು ಬಂದು ಬಾಗಿಲಲ್ಲಿ ನಿಂತಾಗ, "ಅಪ್ಪಾ" ಎನ್ನುವವರೆಗೂ ಅದು ನೀನೆಂದು ನನಗೆ ಗೊತ್ತಾಗಿರಲಿಲ್ಲ.